ಕಿವಿರು ಎತ್ತಿ ನೋಡುವುದು

ಬೆಳಗಿನ ದೋಣಿಯಲ್ಲಿ ಧಕ್ಕೆಯಿಂದ ಬೆಂಗ್ರೆಗೆ ದಾಟುತ್ತೇನೆ.
ಬ್ಯಾಗಿನೊಳಗೆ ಆಫೀಸಿನವರು ಕೊಟ್ಟ ಕೈಪಿಡಿ,
ಮೂರನೇ ಕ್ಲಾಸಿಗೆ ನಲವತ್ತು ನಿಮಿಷದ ಜೀವನ ಕೌಶಲ.
ಪುಟ ಒಂಬತ್ತು: ಅಪರಿಚಿತರು ಏನಾದರೂ ಕೊಟ್ಟರೆ
ದೃಢವಾಗಿ ನಿರಾಕರಿಸುವುದು.
ಚಿತ್ರದಲ್ಲಿ ಅಪರಿಚಿತನಿಗೆ ದಪ್ಪ ಮೀಸೆ, ಕಪ್ಪು ಕನ್ನಡಕ.
ಅಂಥವನು ಈ ದೋಣಿ ಹತ್ತಿದರೆ
ಆಚೆ ದಡ ಮುಟ್ಟುವುದರೊಳಗೆ
ಅವನ ಅಜ್ಜನ ಹೆಸರೂ ಎಲ್ಲರಿಗೆ ಗೊತ್ತಾಗಿರುತ್ತದೆ.

ಇರಲಿ, ನಾನೇ ಅಪರಿಚಿತಳಾದೆ.
ಸೆರಗು ತಲೆಗೆ ಸುತ್ತಿ,
ಸೀಮೆಸುಣ್ಣದ ಚೂರನ್ನು ಬೇಗಡೆಯಲ್ಲಿ ಮಡಚಿ
“ಬಾ ಮಗಾ, ತಿನ್ನು, ಭಾರೀ ರುಚಿ ಉಂಟು” ಅಂದೆ.
ಮಿಶ್ರಿಯಾ ಸೊಂಟಕ್ಕೆ ಕೈಯಿಟ್ಟು “ಬೇಡ!” ಅಂದಳು,
ಕಿಟಕಿಯ ಕಾಗೆ ಹಾರಿಹೋಯಿತು.
ಧನ್ವಿತ್ ತುಳುವಿನಲ್ಲಿ ಬೊಡ್ಚಿ,
ಜೋಸ್ವಿನ್ ಕೊಂಕಣಿಯಲ್ಲಿ ನಾಕಾ.
ಸುಹಾನ್ ಮಾತ್ರ ಕೈಚಾಚಿ ತೆಗೆದುಕೊಂಡ.
“ಎಂತಕ್ಕೆ ಮಾರಾಯ?”
“ಟೀಚರ್ ಕೊಟ್ಟದ್ದಲ್ಲವಾ.”

ಅಲ್ಲಿಗೆ ಪುಟ ಒಂಬತ್ತು ಮುಗಿಯಿತು.

ಕೈಪಿಡಿ ಮುಚ್ಚಿ ಕೇಳಿದೆ,
ಮೀನು ಹಾಳಾದದ್ದು ಹೇಗೆ ಗೊತ್ತಾಗುತ್ತದೆ?
ಇಪ್ಪತ್ತಾರು ಮಕ್ಕಳು, ಐವತ್ತೆರಡು ಕೈ.
ಕಣ್ಣು ಒಳಗೆ ಹೋಗಿರ್ತದೆ ಟೀಚರ್, ಮಂಜು ಕಟ್ಟಿದ ಹಾಗೆ.
ಒತ್ತಿದ್ರೆ ಬಿದ್ದ ಗುಳಿ ಮೇಲೆ ಬರುದಿಲ್ಲ.
ಕಿವಿರು ಎತ್ತಿ ನೋಡ್ಬೇಕು, ಕೆಂಪಿದ್ರೆ ಒಳ್ಳೇದು.
ಬೂದಿ ಬಣ್ಣ ಆದ್ರೆ ಐಸಿಂದು, ಹಳೇದು.
ಗುರ್ತದವರು ಕೊಟ್ಟರೆ?
“ಮಾಮನ ಬೋಟಿಂದಾದ್ರೂ,” ಅಂದ ಧನ್ವಿತ್,
“ಅಮ್ಮ ಕಿವಿರು ನೋಡದೆ ಬುಟ್ಟಿಗೆ ಹಾಕುದಿಲ್ಲ.”
“ಮಾಮನಿಗೆ ಬೇಜಾರಾಗುದಿಲ್ವಾ?”
“ಆಗ್ತದೆ. ಮರುದಿವಸ ಹೋಗ್ತದೆ.”

ಇದನ್ನೇ ಬೋರ್ಡಿನಲ್ಲಿ ಬರೆದೆ.
ಬೇಜಾರಾಗುತ್ತದೆ. ಮರುದಿವಸ ಹೋಗುತ್ತದೆ.
ಇಪ್ಪತ್ತಾರು ಪುಸ್ತಕಗಳಿಗೆ ಇಳಿಯಿತು,
ಸುಹಾನ್‌ನದ್ದರಲ್ಲಿ ‘ಮರುದಿವಸ’ಕ್ಕೆ ಒಂದು ಕೊಂಬು ಕಮ್ಮಿ.
ಮತ್ತೆ ಹೇಳಿದೆ: ಅಂಗಡಿಯ ಹಿಂದೆ ಸಿಗುವ ಬಣ್ಣದ ಚೀಟಿ,
ದೊಡ್ಡ ಹುಡುಗರು ತಟ್ಟಿ ತಟ್ಟಿ ಮೂಸುವ ಪುಡಿ,
ಬೀಡಿಯಲ್ಲದ ಬೀಡಿ,
ಅವಕ್ಕೂ ಕಿವಿರು ಉಂಟು. ಎತ್ತಿ ನೋಡಿ.

ಬೆಲ್ಲಾದ ಮೇಲೆ ಯಶ್ಮಿತಾ ಮೇಜಿನ ಬಳಿ ಬಂದು ನಿಂತಳು.
“ಟೀಚರ್, ಕಿವಿರು ಕೆಂಪಿದ್ರೆ ಒಳ್ಳೇದಲ್ವಾ?”
“ಹೌದು.”
“ಕಣ್ಣು ಕೆಂಪಾದ್ರೆ?”
“ಮೀನಿಂದಾ?”
“ಅಣ್ಣಂದು.”

ಕೈಪಿಡಿಯಲ್ಲಿ ನಲವತ್ತೆಂಟು ಪುಟ. ಅಣ್ಣ ಎಲ್ಲೂ ಇಲ್ಲ.

ಅವಳು ಮುಷ್ಟಿ ಬಿಚ್ಚಿದಳು.
ಬೆವರಿದ ಹತ್ತು ರೂಪಾಯಿಯ ನಾಣ್ಯ.
“ದಿನಾ ಕೊಡ್ತಾನೆ, ಅಮ್ಮನಿಗೆ ಹೇಳ್ಬೇಡ ಅಂತ.
ಇದಕ್ಕೂ ಬೇಡ ಹೇಳ್ಬೇಕಾ?”

ಹೊಟ್ಟೆ ನೋಯಿಸುವ ಗುಟ್ಟು ಗುಟ್ಟಲ್ಲ ಮಗಾ,
ಹಾಳಾದ ಮೀನು, ಬುಟ್ಟಿಯಲ್ಲಿಡಬಾರದು,
ಅಂದುಬಿಟ್ಟೆ. ಅಂದಮೇಲೆ ನನಗೇ ನಾಚಿಕೆಯಾಯಿತು.
ಅಣ್ಣ ಮೀನಲ್ಲ. ಎಸೆಯಲಾಗುವುದಿಲ್ಲ.
ಅವಳಿಗೆ ಅವನು ಸೈಕಲ್ ಕಲಿಸಿದವನು,
ಗಡ್‌ಬಡ್‌ನ ಮೇಲಿನ ಚೆರಿ ಯಾವತ್ತೂ ಬಿಟ್ಟುಕೊಡುವವನು.
“ಅಮ್ಮ ಯಾವ ದೋಣಿಗೆ ಬರ್ತಾರೆ?”
“ಐದೂವರೆದ್ದಕ್ಕೆ.”

ನಾಲ್ಕೂವರೆಯ ದೋಣಿ ನನ್ನನ್ನು ಬಿಟ್ಟು ಹೋಯಿತು.
ಕಡವಿನಲ್ಲಿ ಮಗುಚಿಟ್ಟ ಹಳೆಯ ದೋಣಿಯ ಮೇಲೆ
ನಾವಿಬ್ಬರು, ನಡುವೆ ನಾಣ್ಯ.
ಅವಳು ಒಂದು ಏಡಿಗೆ ಕಡ್ಡಿ ತೋರಿಸಿ
“ಬೊಡ್ಚಿ ಹೇಳು, ಬೊಡ್ಚಿ ಹೇಳು” ಅಂತ ಪಾಠ ಮಾಡುತ್ತಿದ್ದಾಳೆ.
ನಾನು ಆ ಹೆಂಗಸಿಗೆ ಹೇಳಬೇಕಾದ ಮಾತುಗಳನ್ನು
ಒಂದೊಂದಾಗಿ ತೆಗೆದು ಕಿವಿರು ಎತ್ತಿ ನೋಡುತ್ತಿದ್ದೇನೆ.
ಹೆಚ್ಚಿನವು ಐಸಿನವು.

ಆಚೆ ದಡದಲ್ಲಿ ಇಂಜಿನ್ ಶುರುವಾಯಿತು.
ಖಾಲಿ ಬುಟ್ಟಿಗಳ ನಡುವೆ ಯಾರೋ ನಗುತ್ತಿದ್ದಾರೆ, ಗಟ್ಟಿಯಾಗಿ.
“ಅದೇ ಅಮ್ಮ,” ಅಂದಳು ಯಶ್ಮಿತಾ.